ಅಪ್‌ಡೇಟ್: ಬೆನ್ನೆಲುಬಿನಲ್ಲಿ ಸೊಂಟದ ಮಣಿ ನಾಲ್ಕೇ ಇದ್ದ ತಂಗಿಗೆ ಹೆರಿಗೆ ಆಯ್ತು

ನೆನಪಿದೆಯಾ? ತಂಗಿಯ ಹಳೇ ಎಕ್ಸ್‌ರೇ ರಿಪೋರ್ಟ್‌ನಲ್ಲಿ ಸೊಂಟದ ಐದು ಮಣಿಗಳಲ್ಲಿ ಕೊನೆಯದು ಕೆಳಗಿನ ತ್ರಿಕಾಸ್ಥಿಗೆ (ಬೆನ್ನೆಲುಬಿನ ಬುಡದ ತ್ರಿಕೋನದಂಥ ಎಲುಬು) ಕೂಡಿಕೊಂಡಿದೆ ಅಂತ ಇತ್ತು. ಹೆರಿಗೆ ನಾರ್ಮಲ್ ಆಗುತ್ತಾ ಅಂತ ಇಲ್ಲಿ ಕೇಳಿದ್ದೆ, ನೀವೆಲ್ಲ ಸಲಹೆ ಕೊಟ್ಟಿದ್ದಿರಿ. ಆಯ್ತು! ಇಲ್ಲೇ ಬಾಗಲಕೋಟೆಯಲ್ಲಿ, ಹೆಣ್ಣು ಮಗು.

ಕೆಲಸಕ್ಕೆ ಬಂದಿದ್ದು 'ಆ ಫಿಲ್ಮನ್ನು ಅರಿವಳಿಕೆ ಡಾಕ್ಟರಿಗೆ ಮೊದಲೇ ತೋರಿಸಿ' ಅಂದವರ ಸಲಹೆ. ಹೆರಿಗೆ ನೋವು ಕಡಿಮೆ ಮಾಡೋಕೆ ಬೆನ್ನಿಗೆ ಕೊಡೋ ಸೂಜಿಗೆ ಆ ಡಾಕ್ಟರು ಸೊಂಟದ ಎರಡೂ ಬದಿಯ ಎಲುಬಿನ ಮೇಲ್ತುದಿ ಮುಟ್ಟಿ, ಅಲ್ಲಿಂದ ಅಂದಾಜಿಗೆ ಮಣಿ ಎಣಿಸುತ್ತಾರಂತೆ. ಇಂಥವರಲ್ಲಿ ಲೆಕ್ಕ ಒಂದು ಮಣಿ ತಪ್ಪಬಹುದು. ಅದಕ್ಕೇ ಬೆನ್ನಿಗೆ ಅಲ್ಟ್ರಾಸೌಂಡ್ ಹಿಡಿದು, ಕೆಳಗಿಂದ ಒಂದೊಂದೇ ಎಣಿಸಿ, ಪೆನ್ನಿನಿಂದ ಗುರುತು ಹಾಕಿದರು.

'ನೇರ ಸಿಸೇರಿಯನ್ ಮಾಡಿಸಿ' ಅನ್ನೋದು ಬೇಕಾಗಲಿಲ್ಲ. 'ಹೊಸ ಎಕ್ಸ್‌ರೇ ತೆಗೆಸಿ' ಅಂದದ್ದಕ್ಕೆ ಡಾಕ್ಟರು ಒಪ್ಪಲೇ ಇಲ್ಲ, ಗರ್ಭಿಣಿಗೆ ಸುಮ್ನೆ ಯಾಕೆ ಅಂದರು. ಎಣ್ಣೆ ತಿಕ್ಕಿದರೆ ಸರಿಹೋಗುತ್ತೆ ಅಂದವರಿಗೆ: ಹುಟ್ಟಿನಿಂದ ಕೂಡಿದ ಎಲುಬು ಬಿಡಲ್ಲ ಮಾರಾಯ್ರೆ.

ಒಂದು ವಿಷಯ ಗೊತ್ತೇ ಇರಲಿಲ್ಲ. ಹೀಗಿದ್ದಾಗ ಕೆಲವರಲ್ಲಿ ಮಗು ಇಳಿದು ಬರೋ ಸೊಂಟದ ಎಲುಬಿನ ಗೂಡಿನ ಮೇಲಿನ ಬಾಯಿ ಜಾಸ್ತಿ ಓರೆಯಾಗಿರುತ್ತಂತೆ, ಮಗುವಿನ ತಲೆ ಇಳಿಯೋದು ತಡ. ಇವಳದ್ದೂ ನೋವು ಶುರುವಾಗೋವರೆಗೂ ಇಳಿದಿರಲಿಲ್ಲ. ಅವ್ವ ಗಾಬರಿಯಾಗಿದ್ದಳು. ಡಾಕ್ಟರು ಮಾತ್ರ 'ಕಾಯೋಣ' ಅಂದರು.

ನಿಮ್ಮ ಮನೆಯಲ್ಲೂ ಇಂಥ ರಿಪೋರ್ಟ್ ಇದ್ದರೆ ಫೈಲಿನ ಮೇಲೆಯೇ ಇಡಿ. ಮುಂದೆ ಬೆನ್ನಿನ ಡಿಸ್ಕ್ ಆಪರೇಷನ್ ಅಂತ ಬಂದರೂ ಬೇಕಾಗುತ್ತೆ, ಅಲ್ಲೂ ಮಣಿ ಸರಿಯಾಗಿ ಎಣಿಸಬೇಕಲ್ಲ.