ಕ್ರಿಸ್‌ಮಸ್‌ಗೆ ಕಿಟ್ ಹಂಚೋದಾ, ವರ್ಷವಿಡೀ ಏನಾದರೂ ಮಾಡೋದಾ? (ಹುಬ್ಬಳ್ಳಿ)

ಕೇಶ್ವಾಪುರದಾಕೆ:
ನಮ್ಮ ಚರ್ಚಿನ ಯುವಜನರು ಪ್ರತಿ ಡಿಸೆಂಬರ್‌ನಲ್ಲಿ ಹಳೇ ಹುಬ್ಬಳ್ಳಿ ಕಡೆಯ ಒಂದು ಓಣಿಗೆ ಹೋಗಿ ಅಕ್ಕಿ, ಎಣ್ಣೆ, ಚಾದರ ಹಂಚುತ್ತೇವೆ. ಕಳೆದ ಸಲ ಒಬ್ಬ ಅಜ್ಜಿ ಚಾದರ ತಗೊಂಡು, "ಇದು ಇರ್ಲಿ ಯವ್ವಾ, ನನ್ನ ಪಗಾರ ಯಾಕ ನಿಂತೈತಿ ನೋಡಿ ಹೇಳ್ತಿಯೇನು?" ಅಂದರು. ಆ ಮಾತು ತಲೆಯಿಂದ ಹೋಗ್ತಿಲ್ಲ. ದುಡ್ಡು ಅಷ್ಟೇ ಇದೆ, ಏಳೆಂಟು ಜನ ಇದ್ದೇವೆ. ಏನು ಮಾಡಿದರೆ ಒಳ್ಳೇದು? ಮತಾಂತರಕ್ಕೆ ಬಂದಿದ್ದಾರೆ ಅಂತ ಯಾರಾದರೂ ಅಂದರೆ ಅನ್ನೋ ಅಳುಕೂ ಇದೆ.

ಅಮರಗೋಳದವ:
ನಾನು ಕ್ರಿಶ್ಚಿಯನ್ ಅಲ್ಲ. ನಮ್ಮ ಓಣಿಗೂ ಚರ್ಚಿನವರು ಬರ್ತಾರೆ. ಚಾದರ ನಿಲ್ಲಿಸಬೇಡಿ, ಥಂಡಿ ಇರುತ್ತೆ. ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯೋದು ಮಾತ್ರ ಬಿಡಿ. ನಮ್ಮ ಅವ್ವ ಅದೊಂದಕ್ಕೇ ಹೋಗೋದಿಲ್ಲ. ಮತ್ತೆ, ನಳಕ್ಕೆ ನೀರು ಬರೋ ದಿನ ಇಟ್ಕೋಬೇಡಿ, ಯಾರೂ ಮನೆ ಬಿಟ್ಟು ಬರಲ್ಲ.

ಬೆಟಗೇರಿ ಸಿಸ್ಟರ್:
ತಂಗಿ, ಮಾಡಬೇಕಾದ ಕೆಲಸ ಆ ಅಜ್ಜಿನೇ ಹೇಳಿದ್ದಾರೆ. ಪಗಾರ ಅಂದರೆ ಸಂಧ್ಯಾ ಸುರಕ್ಷಾ ಇರಬೇಕು, ವಯಸ್ಸಾದವರಿಗೆ ಸರ್ಕಾರ ಕೊಡೋ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. ಜೀವನವಿಡೀ ಖಾನಾವಳಿಗೆ ರೊಟ್ಟಿ ಬಡಿದ ಹೆಂಗಸರಿಗೆ ಕೈ ಸೋತ ಮೇಲೆ ಅದೇ ಗತಿ. ನಿಲ್ಲೋ ಕಾರಣ ಬಹಳ ಸಲ ಸಣ್ಣದು. ಖಾತೆಗೆ ಆಧಾರ್ ಜೋಡಣೆ ಆಗಿರಲ್ಲ, ಇಲ್ಲವೇ ಎರಡು ಕಡೆ ಹೆಸರು ಬೇರೆ ಇರುತ್ತೆ. ಬ್ಯಾಂಕಿಗೆ, ತಹಶೀಲ್ದಾರ್ ಕಚೇರಿಗೆ ಜೊತೆಗೆ ಹೋಗಿ ಬನ್ನಿ. ಆಟೋ ಖರ್ಚು ಕಿಟ್ ದುಡ್ಡಲ್ಲೇ ಆಗುತ್ತೆ.

ಇನ್ನೊಂದು ಟಿಬಿ. ನಾನು ನರ್ಸ್ ಆಗಿದ್ದವಳು, ಇದನ್ನ ಬಿಟ್ಟು ಮಾತಾಡೋಕೆ ಆಗಲ್ಲ. ಗುಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಬೇಕು. ಆದರೆ ಸ್ವಲ್ಪ ಕೆಮ್ಮು ಕಡಿಮೆ ಆದ ಕೂಡಲೇ ದುಡಿಮೆಗೆ ಹೋಗ್ತಾರೆ, ಗುಳಿಗೆ ಬಿಡ್ತಾರೆ. ಆಮೇಲೆ ಅದೇ ಗುಳಿಗೆಗೆ ರೋಗ ಬಗ್ಗದೇ ಹೋಗಬಹುದು. ಹೊಟ್ಟೆಗಿಲ್ಲದವರು ಅದನ್ನ ನುಂಗಿ ವಾಂತಿ ಮಾಡೋದನ್ನ ನೋಡಿದ್ದೇನೆ. ಆಹಾರಕ್ಕೆ ಅಂತ ಸರ್ಕಾರ ತಿಂಗಳಿಗೆ 1,000 ರೂಪಾಯಿ ಕೊಡುತ್ತೆ, 2024ರ ನವೆಂಬರ್‌ಗೆ ಮುಂಚೆ 500 ಇತ್ತು. ಅದು ಸಾಕಾಗಲ್ಲ. 2022ರಿಂದ 'ನಿ-ಕ್ಷಯ ಮಿತ್ರ' ಅಂತ ಸರ್ಕಾರದ ಯೋಜನೆ ಇದೆ. ಚರ್ಚು, ಸಂಘ, ಯಾರು ಬೇಕಾದರೂ ಹೆಸರು ಬರೆಸಿ, ಒಪ್ಪಿಗೆ ಕೊಟ್ಟ ರೋಗಿಗೆ ಕಡಿಮೆ ಅಂದರೂ ಆರು ತಿಂಗಳು ಆಹಾರ ಕೊಡಬಹುದು. ಶೇಂಗಾ, ಹೆಸರುಕಾಳು, ಬೆಲ್ಲ, ಮೊಟ್ಟೆ ಕೊಡಿ. ಊರೆಲ್ಲಾ ಒಂದೊಂದು ಚೀಲ ಹಂಚೋ ಬದಲು ಕೆಲವೇ ಮನೆ ಹಿಡಿಯಿರಿ, ಬಿಡಬೇಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಅವರ ಹೆಸರು ಇವತ್ತಿಗೂ ಜನರ ಬಾಯಲ್ಲಿರೋದು ವರ್ಷಗಟ್ಟಲೆ ಇಲ್ಲೇ ಕೂತು ಶಾಲೆ, ಆಸ್ಪತ್ರೆ ನಡೆಸಿದ್ದಕ್ಕೆ.

ಅಳುಕಿನ ವಿಷಯ: ಪ್ರಾರ್ಥನೆ ಚರ್ಚಿನಲ್ಲಿ ಮಾಡಿ, ಆಹಾರದ ಚೀಲದಲ್ಲಿ ಕರಪತ್ರ ಇಡಬೇಡಿ. ಯಾವ ಜಾತಿ, ಯಾವ ದೇವರು ಅಂತ ಕೇಳಲೇಬೇಡಿ. ಮೊದಲು ಓಣಿಯ ಆಶಾ ಕಾರ್ಯಕರ್ತೆಯನ್ನ ಕಾಣಿ. ಅವರಿಗೆ ಪ್ರತಿ ಮನೆ ಗೊತ್ತು.

ಕೇಶ್ವಾಪುರದಾಕೆ:
ಅಕ್ಕಾರ, ತುಂಬಾ ಉಪಕಾರ ಆಯ್ತು. ಆದರೆ ನಾವು ಚೀಲ ಹಿಡಿದು ಹೋದರೆ ಅಕ್ಕಪಕ್ಕದವರಿಗೆ ರೋಗ ಗೊತ್ತಾಗಲ್ವಾ?

ಬೆಟಗೇರಿ ಸಿಸ್ಟರ್:
ಗೊತ್ತಾಗುತ್ತೆ. ಅದಕ್ಕೇ ಒಬ್ಬರೇ ಹೋಗಿ, ಬ್ಯಾನರ್ ಬೇಡ. ಮನೆಯಲ್ಲಿ ಮದುವೆ ವಯಸ್ಸಿನ ಹುಡುಗಿ ಇದ್ದರೆ ಇನ್ನೂ ಜಾಗ್ರತೆ. ಟಿಬಿ ಅಂತ ಕೇಳಿ ಸಂಬಂಧ ಮುರಿಯೋರು ಇದ್ದಾರೆ. ಅಂಥವರಿಗೆ ಗುಳಿಗೆ ತಗೊಳ್ಳೋಕೆ ಬಂದಾಗ ಆರೋಗ್ಯ ಕೇಂದ್ರದಲ್ಲೇ ಚೀಲ ಸಿಗೋ ಹಾಗೆ ಮಾತಾಡಿಕೊಳ್ಳಿ.