ಮೂರು ಖುರ್ಚಿ ಸಲೂನ್, ಐತವಾರ ಗಲ್ಲಾ ತುಂಬ್ತದ, ತಿಂಗಳ ಕೊನಿಗೆ ಕೈಯಾಗ ಏನೂ ಉಳಿಯವಲ್ದು – ಏನ್ ಮಾಡ್ಲಿ?

ಸೇಡಂರೋಡ್_ಕತ್ತರಿ:

ನಮಸ್ಕಾರ್ರಿ ಎಲ್ಲಾರ್ಗೂ. ಕಲಬುರಗಿ ಸೇಡಂ ರೋಡ್ ಕಡಿ ನಂದೊಂದು ಸಣ್ಣ ಜೆಂಟ್ಸ್ ಸಲೂನ್ ಅದ, ಮೂರು ಖುರ್ಚಿ, ನಾ ಮತ್ತ ಇಬ್ರು ಕಾರೀಗರು. ಶುರು ಮಾಡಿ ಮೂರು ವರ್ಷ ಆತು. ಅದಕ್ಕ ಮೊದಲ ಹೈದ್ರಾಬಾದ್‌ದಾಗ ಆರು ವರ್ಷ ಮಂದಿ ಅಂಗಡ್ಯಾಗ ಮಾಡೀನಿ, ಕೈ ಛಲೋ ಅದ ಅಂತ ಗಿರಾಕಿಗಳೇ ಹೇಳ್ತಾರ, ಅದ್ರಾಗ ತಕರಾರಿಲ್ಲ. ತಕರಾರ ಎಲ್ಲಾ ರೊಕ್ಕದ್ದು.

ತಿಂಗಳಿಗೆ ಹೆಚ್ಚುಕಮ್ಮಿ 85 ಸಾವಿರ ಧಂಧಾ ಆಗ್ತದ. ಕಟಿಂಗ್ 100, ದಾಡಿ 50, ಕಲರ್ 250, ಫೇಷಿಯಲ್ 500ರಿಂದ ಮ್ಯಾಲ. ಕಾರೀಗರು ಫಿಫ್ಟಿ-ಫಿಫ್ಟಿ ಮ್ಯಾಲ ಅವ್ರ, ಇಬ್ರೂ ಕೂಡಿ 55 ಸಾವಿರದ ಕೆಲಸ ತಗೀತಾರ, ಅಂದ್ರ 27,500 ಅವರಿಗೆ ಹೋತು. ಬಾಡಿಗಿ 9 ಸಾವಿರ, ಕರೆಂಟ್ 4 ಸಾವಿರ (ಬ್ಯಾಸಗ್ಯಾಗ ಎಸಿ ಬಿಲ್ ಕೇಳಬ್ಯಾಡ್ರಿ), ಕ್ರೀಮು ಕಲರು ಬ್ಲೇಡು ಅಂತ ಸಾಮಾನಿಗೆ 9 ಸಾವಿರ, ಟಾವೆಲ್ ಒಗಸೋದು ಚಾ ನಾಷ್ಟಾ 3,500, ಖುರ್ಚಿ-ಎಸಿ ಸಾಲದ ಕಂತು 7,500. ಉಳಿಯೋದು 24,500. ಮುಂಜಾನಿ 8ಕ್ಕ ಶಟರ್ ಎತ್ತಿದ್ರ ರಾತ್ರಿ 9ಕ್ಕ ಇಳಸ್ತೀನಿ, ಮೊಣಕಾಲು ಈಗೇ ನೋಯ್ಲಕತ್ಯಾವ.

ಐತವಾರ ಕಾಲಿಡ್ಲಕ ಜಾಗ ಇರಲ್ಲ. ಮಂಗಳವಾರ ಬಂದ್. ಸೋಮವಾರ, ಗುರುವಾರ, ಶನಿವಾರ ಭಾಳ ಮಂದಿ ಕೂದ್ಲ ತಗಸಲ್ಲ, ಅಮಾಸಿ ಬ್ಯಾರೆ, ಶ್ರಾವಣ ಬಂದ್ರ ಪೂರಾ ತಿಂಗಳು ದಾಡಿ ಬಿಟ್ಟು ತಿರಗತಾರ, ಅದು ಮುಗೀತು ಅನ್ನೋದ್ರಾಗ ದಸರಾ, ಆಮ್ಯಾಲ ಅಯ್ಯಪ್ಪ ಮಾಲಿ. ಈಗ ಎದುರಿಗೇ ಒಂದು ಗ್ಲಾಸಿನ ಬಾಗಲದ ದೊಡ್ಡ ಸಲೂನ್ ಬಂದದ. ಅದಕ್ಕ ಮೂರು ಪ್ರಶ್ನಿ ಅವ. 79 ರೂಪಾಯಿಗೆ ಕಟಿಂಗ್ ಅಂತ ಬ್ಯಾನರ್ ಹಾಕ್ಲೇನು? ಹಿಂದಿನ ಖೋಲಿದಾಗ ಲೇಡೀಸ್ ಸೆಕ್ಷನ್ ಮಾಡ್ಲೇನು? ಮತ್ತ ಸ್ಕ್ಯಾನರ್ ಮ್ಯಾಲ ಭಾಳ ರೊಕ್ಕ ಬಂದ್ರ ಟ್ಯಾಕ್ಸಿನವ್ರ ನೋಟಿಸ್ ಬರ್ತದ ಅಂತಾರ, ಖರೇನಾ? ತಿಳದವ್ರು ಹೇಳ್ರಿ.

---

ಬಿದ್ರಿ_ಉಸ್ತರಾ (ಬೀದರ್):

ತಮ್ಮಾ ಬ್ಯಾನರ್ ಹಾಕಬ್ಯಾಡ. ನಾ ಹಾಕಿ ಅನುಭವಿಸೀನಿ. ಕಟಿಂಗ್ ದಾಡಿ ಎರಡೂ ಕೂಡಿ 99 ಅಂತ ಬರ್ಸಿದ್ದೆ, ಮಂದಿ ಏನೋ ಬಂದ್ರು, ಆದ್ರ ಬಂದೋರೆಲ್ಲಾ ಐತವಾರನೇ ಬಂದ್ರು, ಬುಧವಾರ ಮಧ್ಯಾಹ್ನ ಅಂಗಡಿ ಹಂಗೇ ಭಣಭಣ. ಒಬ್ರು ರಿಟೈರ್ ಆದ ಮಾಸ್ತರು ಇದ್ರು, ಹನ್ನೆರಡು ವರ್ಷದ ಗಿರಾಕಿ, ಬಾಗಲದಾಗ ಚಪ್ಪಲ್ ಬಿಟ್ರು, ಒಳಗ ಇಣಿಕಿ ನೋಡಿದ್ರು, ಎಂಟು ಹುಡುಗ್ರು ಮೊಬೈಲ್ ಹಿಡ್ಕೊಂಡು ಕುಂತಿದ್ರು, ಮತ್ತ ಚಪ್ಪಲ್ ಮೆಟ್ಗೊಂಡು ಹೋದ್ರು. ಏನೂ ಅನ್ಲಿಲ್ಲ. ತಿರುಗಿ ಬರ್ಲೂ ಇಲ್ಲ. ಆ 99ರ ಹುಡುಗ್ರು ಮುಂದಿನ ತಿಂಗಳು ಮತ್ತೊಬ್ಬ 89 ಅಂದ ಕೂಡ್ಲೆ ಅಲ್ಲಿಗಿ ಹೋದ್ರು.

ಈಗ ನಿನ್ನ ಲೆಕ್ಕ ನೋಡಮು. ನೀ ಕೈಲಿಂದ ಮಾಡೋ ಕೆಲಸ 30 ಸಾವಿರದ್ದು. ಅದನ್ನೇ ಮತ್ತೊಬ್ಬರ ಅಂಗಡ್ಯಾಗ ಮಾಡಿದ್ರ ನಿನಗ ಅರ್ಧ ಅಂದ್ರೂ 15 ಸಾವಿರ ಸಿಗ್ತಿತ್ತು, ತಲಿಬ್ಯಾನಿ ಇಲ್ದ. ಹಂಗಾದ್ರ ಅಂಗಡಿ ನಿನಗ ಕೊಡೋ ಫಾಯ್ದಾ 24,500 ಅಲ್ಲ, 9,500. ಬ್ಯಾಸರ ಮಾಡ್ಕೋಬ್ಯಾಡ, ನಾನೂ ಹತ್ತು ವರ್ಷ ನನ್ನ ಕೂಲಿನೇ ಲಾಭ ಅಂತ ತಿಳಕೊಂಡಿದ್ದೆ.

ಇನ್ನೊಂದು ಲೆಕ್ಕ. ಊಟದ ತಾಸು ಬಿಟ್ರ ದಿನಕ್ಕ 12 ತಾಸು, ಮೂರು ಖುರ್ಚಿ, 26 ದಿನ, ಅಂದ್ರ 936 ಖುರ್ಚಿ-ತಾಸು. 85 ಸಾವಿರ ಅದಕ್ಕ ಹಂಚಿದ್ರ ತಾಸಿಗೆ 91 ರೂಪಾಯಿ ಬೀಳ್ತದ. ಅರ್ಧ ತಾಸಿಗೊಂದು ಕಟಿಂಗ್ ಹಿಡದ್ರೂ ಒಂದು ಖುರ್ಚಿ ತಾಸಿಗೆ 200 ದುಡೀಬೇಕು. ಅರ್ಧಕ್ಕಿಂತ ಜಾಸ್ತಿ ಹೊತ್ತು ನಿನ್ನ ಖುರ್ಚಿ ಖಾಲಿ ಕುಂದ್ರತಾವ, ಬಾಡಿಗಿ ಕಂತು ಮಾತ್ರ ಖಾಲಿ ಖುರ್ಚಿಗೂ ಅಷ್ಟೇ. ರೇಟ್ ಇಳಸಿದ್ರ ಈ ಖಾಲಿ ತಾಸು ತುಂಬಲ್ಲ, ತುಂಬಿದ ತಾಸಿನ ರೊಕ್ಕ ಕಮ್ಮಿ ಆಗ್ತದ ಅಷ್ಟೇ.

ಒಂದು 40 ಪಾನಿನ ನೋಟ್‌ಬುಕ್ ತಗೋ. ದಿನಕ್ಕೊಂದು ಪಾನು, ಅಡ್ಡ ಮೂರು ಖುರ್ಚಿ, ಉದ್ದ ತಾಸು. ಕೆಲಸ ಆದ್ರ ಏನು ಕೆಲಸ ಎಷ್ಟು ರೊಕ್ಕ, ಖಾಲಿ ಇದ್ರ ಸೊನ್ನಿ. ಮೂರು ವಾರ ಬರಿ. ಯಾವ ಹೊತ್ತು ಖಾಲಿ ಅಂತ ಈಗ ನೀ ಅಂದಾಜ ಹೇಳ್ಲಕತ್ತಿ, ಅಂದಾಜ ಸುಳ್ಳು ಹೇಳ್ತದ.

ಆಮ್ಯಾಲ ನಿನ್ನ ಫೋನಿನಾಗ ಹಳೇ ಗಿರಾಕಿ ನಂಬರ್ ಇರ್ತಾವಲ್ಲ, ಕಿರಾಣಿ ಅಂಗಡಿಯವ್ರು, ರಿಟೈರ್ ಆದೋರು, ನೈಟ್ ಡ್ಯೂಟಿಯವ್ರು, ಅವರಿಗೆ "ಬುಧವಾರ 12ಕ್ಕ ಬರ್ರಿ, ಬಂದ ಕೂಡ್ಲೆ ಖುರ್ಚಿ ಕೊಡ್ತೀನಿ" ಅಂತ ಒಂದು ವಾಟ್ಸಾಪ್ ಹಾಕು. ಒಂದು ರೂಪಾಯಿ ಕಮ್ಮಿ ಮಾಡಬ್ಯಾಡ. ಅವರಿಗೆ ಬೇಕಾಗಿದ್ದು ಕಾಯೋದು ತಪ್ಪೋದು, 20 ರೂಪಾಯಿ ಉಳಿಯೋದಲ್ಲ. ಐತವಾರ ಬೇಕಾದ್ರ 120 ಮಾಡು, ಗದ್ದಲ ತಾನೇ ಥೋಡೆ ಹಂಚ್ಕೊಂಡು ಹೋಗ್ತದ.

ಮತ್ತ ಕಲರ್ ಹಚ್ಚಿ ಅರ್ಧ ತಾಸು ಗಿರಾಕಿನ್ನ ಅದೇ ದೊಡ್ಡ ಖುರ್ಚಿ ಮ್ಯಾಲ ಕುಂದ್ರಸ್ತೀಯಲ್ಲ? ಒಂದು ಪ್ಲಾಸ್ಟಿಕ್ ಖುರ್ಚಿ ಫ್ಯಾನಿನ ಕೆಳಗ ಹಾಕು, ಚಾ ಕೊಡು, ಆ ಅರ್ಧ ತಾಸಿನಾಗ ಒಂದು ಕಟಿಂಗ್ ಆಗಿ ಹೋಗ್ತದ.

---

ಬಿಸಲನಾಡು_44:

ನಾ ಸಲೂನಿನವ ಅಲ್ಲ, ತಲಿ ಕೊಡೋನು. ಹೋದ ವರ್ಷ ಆರು ವರ್ಷದ ಖಾಯಂ ಅಂಗಡಿ ಬಿಟ್ಟೀನಿ, ಯಾಕ ಅಂತ ಆ ಮಾಲಕ ಇವತ್ತಿನ ತನ ಕೇಳಿಲ್ಲ, ಹಂಗಾಗಿ ಇಲ್ಲಿ ಹೇಳ್ತೀನಿ. ಒಂದು, ಕುತ್ತಿಗಿಗೆ ಕಟ್ಟೋ ಬಟ್ಟಿ ವಾಸನಿ. ನನಗಿಂತ ಮೊದಲ ಕುಂತವನ ಬೆವರು ಇನ್ನೂ ಹಸಿ ಇರ್ತಿತ್ತು. ಟಿಶ್ಯೂ ಪಟ್ಟಿ ಒಂದು ಸುತ್ತಿದ್ರ ಎಷ್ಟು ಖರ್ಚು ಬರ್ತಿತ್ತು? ಎರಡು, ದಾಡಿ ಅರ್ಧ ಆದಾಗ ಫೋನ್ ಬಂತಂದ್ರ ಉಸ್ತರಾ ಕೈಯಾಗ ಹಿಡ್ಕೊಂಡೇ ಹೊರಗ ಹೋಗಿ ಮಾತಾಡೋದು, ನಾವು ನೊರಿ ಒಣಗಿಸ್ಕೊಂಡು ಕುಂದ್ರೋದು. ಮೂರು, "ಅಣ್ಣಾ ಮುಖ ಭಾಳ ಕಪ್ಪಾಗ್ಯದ, ಡಿ-ಟ್ಯಾನ್ ಮಾಡ್ಲೇನು" ಅಂತ ಪ್ರತಿ ಸಲ. ಎಪ್ಪಾ, ಕಲಬುರಗಿ ಬ್ಯಾಸಗ್ಯಾಗ ಬೈಕ್ ಮ್ಯಾಲ ತಿರಗೋನ ಮುಖ ಕಪ್ಪಾಗಲ್ದ ಬೆಳ್ಳಗ ಆಗ್ತದೇನು? ಮಂದಿ ಮುಂದ ಅನ್ನಿಸ್ಕೊಂಡು ಯಾರು ಹೋಗ್ತಾರ.

ಫೇಷಿಯಲ್ ಮಾಡಸ್ಬೇಕಂದ್ರ ರೇಟ್ ಗ್ವಾಡಿ ಮ್ಯಾಲ ಹಚ್ರಿ, ಓದ್ಕೊಂಡು ನಾವೇ ಕೇಳ್ತೀವಿ. "500ರಿಂದ ಮ್ಯಾಲ" ಅಂದ್ರ ಎಷ್ಟು ಮ್ಯಾಲ ಅಂತ ಅಂಜಿಕಿನೇ ಆಗ್ತದ.

---

ಭೀಮಾದಂಡಿ (ಯಾದಗಿರಿ):

ಅಣ್ಣಾರ, ನಾ ಒಂಬತ್ತು ವರ್ಷದಿಂದ ಮನ್ಯಾಗೇ ಲೇಡೀಸ್ ಪಾರ್ಲರ್ ನಡಸಾಕತ್ತೀನಿ. ಲೇಡೀಸ್ ಸೆಕ್ಷನ್ ಈಗ ಬ್ಯಾಡ್ರಿ. ಜೆಂಟ್ಸ್ ಕುಂತಲ್ಲಿಂದ ಹಾದು ಹಿಂದಿನ ಖೋಲಿಗೆ ಹೆಣ್ಮಕ್ಕಳು ಬರಂಗಿಲ್ಲ, ಬ್ಯಾರೆ ಬಾಗಲ ಬೇಕು, ಹೆಣ್ಮಗಳೇ ಕೆಲಸಕ್ಕ ಬೇಕು, ನೀರಿನ ಸಿಂಕ್ ಬೇಕು. ಇದ್ದ ಮೂರು ಖುರ್ಚಿನೇ ತುಂಬವಲ್ವು ಅಂದಮ್ಯಾಲ ನಾಲ್ಕನೇದು ಹಾಕಿ ಏನು ಮಾಡ್ತೀರಿ?

ಅದರ ಬದ್ಲಿ ಮದುಮಗನ ಪ್ಯಾಕೇಜ್ ಮಾಡ್ರಿ. ಬ್ಯಾಸಗ್ಯಾಗ ಲಗ್ನ ಭಾಳ ಇರ್ತಾವ. ಎಂಟು ದಿನ ಮೊದಲ ಒಂದು ಕ್ಲೀನಪ್, ಅರಿಷಿಣದ ಮುಂಚಿನ ದಿನ ಕಟಿಂಗ್-ಫೇಷಿಯಲ್, ಲಗ್ನದ ಮುಂಜಾನಿ ದಾಡಿ ಸೆಟ್ಟಿಂಗ್. ಮೊದಲ ಎರಡಕ್ಕ ನಿಮ್ಮ ಖಾಲಿ ದಿನ ಕೊಡ್ರಿ, ಅರ್ಧ ರೊಕ್ಕ ಅಡ್ವಾನ್ಸ್ ತಗೊಳ್ರಿ. ಮದುಮಗನ ಹಿಂದ ತಮ್ಮ, ಮಾವ, ದೋಸ್ತರು ಅಂತ ಆರು ಮಂದಿ ಬಂದೇ ಬರ್ತಾರ.

ಸಾಮಾನಿಗೆ 9 ಸಾವಿರ ಅಂದ್ರ ನನಗ್ಯಾಕೋ ಜಾಸ್ತಿ ಅನಸ್ತು. ಗ್ರಾಂ ತೂಗೋ ಸಣ್ಣ ತಕ್ಕಡಿ ತಗೊಳ್ರಿ. ನಮ್ಮ ಹುಡುಗಿ ಯಾರೇ ಬರ್ಲಿ ಟ್ಯೂಬ್ ಪೂರಾ ಹಿಂಡಿ ಕಲಸ್ತಿದ್ಳು, ಬಟ್ಟಲದಾಗ ಉಳದಿದ್ದು ಸೀದಾ ಮೋರಿಗೆ. ಕಲಸಿದ ಕಲರ್ ನಾಳಿಗೆ ಇಡಾಕ ಬರಂಗಿಲ್ಲ, ಅದಕ್ಕ ಮೊದಲ ಕಮ್ಮಿ ಕಲಸೋದು, ಸಾಲದಿದ್ರ ಮತ್ತ ಕಲಸೋದು. ಬೋರ್ ನೀರಾದ್ರ ಶಾಂಪೂನೂ ಜಾಸ್ತಿ ತಿಂತದ, ಸವಳು ನೀರಿಗೆ ನೊರಿ ಬರಂಗಿಲ್ಲ, ತಲಿ ತೊಳ್ಯಾಕ ಎರಡು ಬಕೀಟ್ ಸೀನೀರು ಇಟ್ಕೊಂಡ್ರ ಸಾಕು.

ಒಂದು ಮಾತು, ಕಲರ್ ಹಚ್ಚೋ ಮುಂದ ಹೊಸ ಗಿರಾಕಿ ಆದ್ರ 48 ತಾಸು ಮೊದಲ ಕಿವಿ ಹಿಂದ ಒಂದು ಚುಕ್ಕಿ ಹಚ್ಚಿ ನೋಡ್ರಿ. ಕರಿ ಬಣ್ಣದಾಗಿನ ಪಿಪಿಡಿ ಅನ್ನೋ ಕೆಮಿಕಲ್ ಕೆಲವರಿಗೆ ಆಗಂಗಿಲ್ಲ. ನಾ ಒಂದು ಸಲ ಅವಸರದಾಗ ಬಿಟ್ಟೆ, ಮರುದಿನ ಆಕಿ ಹಣಿ ಕಣ್ಣು ಎಲ್ಲಾ ಬಾತಿತ್ತು, ಕಣ್ಣು ತಗ್ಯಾಕೇ ಬರವಲ್ವು. ದವಾಖಾನಿ ಖರ್ಚು ನಾನೇ ಕೊಟ್ಟೆ. ಆಕಿ ಓಣಿಯಿಂದ ಎರಡು ವರ್ಷ ಒಬ್ಬರೂ ಬರ್ಲಿಲ್ಲ. ಮತ್ತ ಆ ಕೂದ್ಲ ನೆಟ್ಟಗ ಮಾಡೋ ಸ್ಮೂಥನಿಂಗ್ ಕೆರಾಟಿನ್ ಅಂತ ಎಸಿ ಹಾಕಿದ ಸಣ್ಣ ಖೋಲ್ಯಾಗ ಮಾಡಾಕ ಹೋಗಬ್ಯಾಡ್ರಿ, ಕೆಲವು ಕ್ರೀಮಿನಾಗ ಫಾರ್ಮಾಲ್ಡಿಹೈಡ್ ಅನ್ನೋ ವಿಷದ ಕೆಮಿಕಲ್ ಇರ್ತದ, ಮಷಿನ್ ಬಿಸಿಗೆ ಅದು ಹೊಗಿ ಆಗ್ತದ, ಗಿರಾಕಿ ಒಂದು ಸಲ ಕುಡೀತಾರ, ನೀವು ದಿನಾ ಕುಡೀತೀರಿ.

---

ಗಂಜ್_ಖಾತೆಕಿರ್ದಿ:

ನೋಟಿಸ್ ವಿಷಯ ನಾ ಹೇಳ್ತೀನಿ, ನನ್ನ ಹೊಟ್ಟಿಪಾಡೇ ಇದು. 2025 ಜುಲೈದಾಗ ಕರ್ನಾಟಕದಾಗ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಗಿದ್ದು ಖರೆ, ಆ ಅಂಜಿಕಿ ಇನ್ನೂ ಹೋಗಿಲ್ಲ. ಆದ್ರ ಸಲೂನ್ ಅಂದ್ರ ಸೇವೆ, ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದ್ರ ಮಾತ್ರ ಜಿಎಸ್‌ಟಿ ರಿಜಿಸ್ಟ್ರೇಷನ್. ನಿಮ್ದು ತಿಂಗಳಿಗೆ 85 ಸಾವಿರ, ವರ್ಷಕ್ಕ 10 ಲಕ್ಷ 20 ಸಾವಿರ. ಸ್ಕ್ಯಾನರ್ ತಗದು ಹಾಕಿ ಗಿರಾಕಿ ಕಳಕೋಬ್ಯಾಡ್ರಿ. ತಪ್ಪಾಗೋದು ಎಲ್ಲಿ ಅಂದ್ರ, ಅಣ್ಣನ ಪ್ಲಾಟ್ ಮಾರಿದ ರೊಕ್ಕ, ದೋಸ್ತನ ಕೈಗಡ, ಚೀಟಿ ರೊಕ್ಕ ಎಲ್ಲಾ ಅದೇ ಅಕೌಂಟಿಗೆ ಹಾಕಿಸ್ಕೋತಾರ, ಆಮ್ಯಾಲ ಯಾವುದು ಅಂಗಡಿದು ಅಂತ ತೋರಸ್ಲಕ ಬರಲ್ಲ. ಅಂಗಡಿ ಸ್ಕ್ಯಾನರಿಗೆ ಬ್ಯಾರೆ ಅಕೌಂಟ್ ಇಡ್ರಿ.

ಎದುರಿನ ದೊಡ್ಡ ಸಲೂನಿನವ್ರು ರೇಟ್ ಇಳಸಬಹುದು, ಯಾಕಂದ್ರ 2025 ಸೆಪ್ಟೆಂಬರ್ 22ರಿಂದ ಸಲೂನ್ ಸೇವೆ ಮ್ಯಾಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಬಂದದ, ಸಾಮಾನಿಗೆ ಕಟ್ಟಿದ ಟ್ಯಾಕ್ಸ್ ಮಾತ್ರ ಅವರಿಗೆ ವಾಪಸ್ ಸಿಗಲ್ಲ. ನೀವು ಗಿರಾಕಿ ಮ್ಯಾಲ ಹಾಕೋ ಜಿಎಸ್‌ಟಿ ಅಂತೂ ಮೊದಲಿಂದ ಸೊನ್ನಿ.

ನಿಮ್ಮ 7,500 ಕಂತು ಯಾವ ಬಡ್ಡಿದು? ಪಿಎಂ ವಿಶ್ವಕರ್ಮ ಯೋಜನೆ 2023 ಸೆಪ್ಟೆಂಬರ್ 17ಕ್ಕ ಶುರು ಆಗಿದ್ದು, 18 ಕಸುಬಿನಾಗ ಕ್ಷೌರದ್ದೂ ಒಂದು. 5ರಿಂದ 7 ದಿನ ಟ್ರೇನಿಂಗ್, ದಿನಕ್ಕ 500, ಉಪಕರಣಕ್ಕ 15 ಸಾವಿರದ ವೋಚರ್, ಆಮ್ಯಾಲ 5 ಪರ್ಸೆಂಟ್ ಬಡ್ಡಿಗೆ 1 ಲಕ್ಷ ಸಾಲ 18 ತಿಂಗಳಿಗೆ, ಅದು ತೀರಿದ್ರ ಮತ್ತ 2 ಲಕ್ಷ 30 ತಿಂಗಳಿಗೆ. ಮನಿಗೆ ಒಬ್ರಿಗೇ ಸಿಗ್ತದ, ಹಳೇ ಮುದ್ರಾ ಸಾಲ ಬಾಕಿ ಇದ್ರ ಆಗಲ್ಲ. ಆಧಾರ್ ತಗೊಂಡು ಕಾಮನ್ ಸರ್ವಿಸ್ ಸೆಂಟರಿಗೆ ಹೋಗಿ ಕೇಳ್ರಿ.

---

ಸೇಡಂರೋಡ್_ಕತ್ತರಿ:

ಕಾಕಾ, ಎಲ್ಲಾರ್ಗೂ ಶರಣು. ಮೂರು ವಾರ ಬರ್ದೆ. ನಂದು ಅಂದಾಜ ಖರೇನೇ ಸುಳ್ಳಿತ್ತು. ಶನಿವಾರ ಸತ್ತ ದಿನ ಅಂತಿದ್ದೆನಲ್ಲ, ಸಂಜಿ 6ರ ಮ್ಯಾಲ ಕಾಲೇಜ್ ಹುಡುಗ್ರು ತುಂಬ್ತಾರ, ಅವರಿಗೆ ಶನಿವಾರ ಗಿನಿವಾರ ಏನಿಲ್ಲ. ಬುಧವಾರ ಛಲೋ ದಿನ ಅಂತಿದ್ದೆ, 12ರಿಂದ 4 ಸಾಲಕ ಸೊನ್ನಿ. ಶುಕ್ರವಾರ ಮುಂಜಾನಿ ನಮಾಜಿಗೆ ಮೊದಲ ಗದ್ದಲ, ಆಮ್ಯಾಲ ಮತ್ತ ಸೊನ್ನಿ. 22 ಮಂದಿಗೆ ಮೆಸೇಜ್ ಹಾಕಿದೆ, ಹೋದ ಬುಧವಾರ ಐದು ಮಂದಿ ಬಂದ್ರು, ಅದ್ರಾಗ ಇಬ್ರು ಕುಂತ ಮ್ಯಾಲ ತಾವೇ ಕಲರ್ ಕೇಳಿದ್ರು. ಅಕ್ಕಾರ, ಬಟ್ಟಲದಾಗ ಉಳದ ಕಲರ್ ತೂಗಿದೆ, ಒಂದೇ ತಲಿಗೆ 22 ಗ್ರಾಂ. ಹೇಳ್ಲಕ ನಾಚಿಕಿ ಬರ್ತದ. ಬ್ಯಾನರ್ ಆಸೆ ಬಿಟ್ಟೀನಿ.

ಒಂದೇ ತ್ರಾಸ, ದೊಡ್ಡ ಕಾರೀಗರ ಮುಖ ಊದಿಸ್ಕೊಂಡಾನ. ನೋಟ್‌ಬುಕ್ ಅವನ ಕಳವು ಹಿಡಿಲಕ ಇಟ್ಟೀನಿ ಅಂತ ತಿಳದಾನ.

ಮತ್ತ ಚಾಂದ್ ರಾತ್, ಅಂದ್ರ ರಮಜಾನ್ ಈದಿನ ಮುಂಚಿನ ರಾತ್ರಿ, ಏನ್ ಮಾಡಬೇಕು ಹೇಳ್ರಿ ಕಾಕಾ. ಹೋದ ಸಲ ಚಂದ್ರ ಕಂಡ್ಯಾನ ಅಂದ ಕೂಡ್ಲೆ ರೋಡಿನ ತನ ಮಂದಿ, ಫಜರ್ ಆಜಾನ್ ಕೂಗೋ ತನ ನಿಂತೇ ಇದ್ವಿ, ಯಾರ ನಂಬರ್ ಮೊದಲು ಅಂತ ಎರಡು ಸಲ ಜಗಳ ಆತು, ಒಬ್ರು ಮಕ್ಕಳ್ನ ಕರ್ಕೊಂಡು ಬಂದು ಒಂದೂವರೆ ತಾಸು ಕಾದು ಬೈಕೋತ ಹೋದ್ರು.

---

ಬಿದ್ರಿ_ಉಸ್ತರಾ (ಬೀದರ್):

ನೋಟ್‌ಬುಕ್ ನಿನ್ನ ಗಲ್ಲಾದಾಗ ಇಡಬ್ಯಾಡ, ಕನ್ನಡಿ ಬಾಜೂಕ ಮೊಳಿಗೆ ತೂಗ್ಹಾಕು, ಬರೆಯೋ ಕೆಲಸ ಅವನಿಗೇ ಕೊಡು. ಅರ್ಧ ರೊಕ್ಕ ಅವಂದೂ ಅದಲ್ಲ, ತನ್ನ ಸೊನ್ನಿ ತಾನೇ ಎಣಸ್ತಾನ. ಬುಧವಾರ ಫೋನ್ ಮಾಡಿ ಕರೆಯೋದೂ ಅವನೇ ಮಾಡ್ಲಿ, ಅವನ ಕೈ ಬೇಕು ಅಂತ ಬರೋ ಗಿರಾಕಿ ಇರ್ತಾರ.

ರಮಜಾನ್‌ದಾಗ ಹಗಲು ಖುರ್ಚಿ ಖಾಲಿ, ಅದಕ್ಕ ಕಡೀ ವಾರ ಒಬ್ಬ ಕಾರೀಗರನ್ನ ಸಂಜಿ 5ಕ್ಕ ಬಾ ಅನ್ನು, ರಾತ್ರಿ ಅವನ ಕೈ ತಾಜಾ ಇರ್ತದ. ಮಕ್ಕಳ ಕಟಿಂಗ್ ಎರಡು ದಿನ ಮೊದಲೇ ಮುಗಿಸ್ರಿ ಅಂತ ಅಪ್ಪಂದಿರಿಗೆ ಮುಂಚೇನೇ ಹೇಳು. ಚಾಂದ್ ರಾತ್ ಚೀಟಿ ಕೊಡು, ಆದ್ರ ಚೀಟಿ ಮ್ಯಾಲ ನಂಬರ್ ಬರೀಬ್ಯಾಡ, ಟೈಮ್ ಬರಿ, 11:20 ಅಂತ. ನಂಬರ್ ಬರದ್ರ ಮಂದಿ ಬಾಗಲದಾಗೇ ನಿಂದ್ರತಾರ, ಟೈಮ್ ಬರದ್ರ ಬಜಾರಕ್ಕ ಹೋಗಿ ಬಟ್ಟಿ ಬರಿ ತಗೊಂಡು ಬರ್ತಾರ. ಆ ರಾತ್ರಿ ಫೇಷಿಯಲ್ ಬಂದ್, ಕಟಿಂಗ್ ದಾಡಿ ಮಾತ್ರ. ಇನ್ವರ್ಟರ್ ಬ್ಯಾಟ್ರಿ ನೀರು ಮುಂಚಿನ ದಿನ ನೋಡ್ಕೋ, ನಮ್ಮಲ್ಲಿ ಅದೇ ಹೊತ್ತಿಗೇ ಕರೆಂಟ್ ಹೋಗಿತ್ತು, ಅರ್ಧ ದಾಡಿ ಮೊಬೈಲ್ ಬೆಳಕಿನಾಗ ಮಾಡೀನಿ.