ಹಾಟ್ ಟಬ್‌ಗೆ ಹೊಸ ನೀರು ತುಂಬಿಸಿದೆ, ಬಿಸಿಯೇ ಆಗುತ್ತಿಲ್ಲ

ಸಾಗರದವ (ಮಿನಿಯಾಪೊಲಿಸ್ ಹತ್ತಿರ)

ನಮಸ್ಕಾರ. ಇವತ್ತೇ ಯಾರಾದರೂ ದಾರಿ ಹೇಳಿದರೆ ದೊಡ್ಡ ಉಪಕಾರ.

ಅಪ್ಪ ಊರಿಂದ ಬಂದು ಎರಡು ತಿಂಗಳಾಯಿತು. ಮಂಡಿ ನೋವು. ದಿನಾ ಸಂಜೆ ಹಿತ್ತಲಿನ ಹಾಟ್ ಟಬ್‌ನಲ್ಲಿ (ಪಂಪು, ಹೀಟರ್ ಇರುವ ಬಿಸಿನೀರಿನ ದೊಡ್ಡ ತೊಟ್ಟಿ) ಹದಿನೈದು ನಿಮಿಷ ಕೂರುತ್ತಾರೆ. ಕೂತು ಎದ್ದ ಮೇಲೆ ಕಂಬಿ ಹಿಡಿಯದೆ ಮೆಟ್ಟಿಲು ಹತ್ತುತ್ತಾರೆ. ಅದನ್ನು ನೋಡೋದೇ ನನಗೆ ಖುಷಿ.

ದೀಪಾವಳಿ ದಿನ ಎಲ್ಲರೂ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಂಡೆವು. ಸಂಜೆ ಟಬ್‌ಗೆ ಇಳಿದೆವು. ಮಾರನೇ ದಿನ ನೀರಿನ ತುಂಬಾ ನೊರೆ, ಅಂಚಿನಲ್ಲಿ ಜಿಡ್ಡಿನ ಗೆರೆ. ನಾಲ್ಕು ತಿಂಗಳ ಹಳೇ ನೀರು ಬೇರೆ. ಪೂರ್ತಿ ಖಾಲಿ ಮಾಡಿ, ಒರೆಸಿ, ಹೋಸ್ ಪೈಪನ್ನು ಸೀಟಿನ ಮೇಲಿಟ್ಟು ತುಂಬಿಸಿದೆ. 350 ಗ್ಯಾಲನ್. ನೀರು 50 ಡಿಗ್ರಿ ಫ್ಯಾರನ್‌ಹೀಟ್ ಇದೆ.

ಈಗ ಪಂಪ್ ಗುಂಯ್ ಅನ್ನುತ್ತದೆ, ನೀರು ಚಿಮ್ಮಬೇಕಾದ ತೂತುಗಳಲ್ಲಿ, ಅಂದರೆ ಜೆಟ್‌ಗಳಲ್ಲಿ, ನೀರು ಬರುತ್ತಿಲ್ಲ. ಪರದೆಯಲ್ಲಿ ಎಫ್‌ಎಲ್‌ಓ ಅಂತ ಬರುತ್ತಿದೆ. ಹೀಟರ್ ಹೋಯಿತಾ? ರಾತ್ರಿ ಚಳಿ 25 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುತ್ತದಂತೆ, ನೀರು ಹೆಪ್ಪುಗಟ್ಟುವಷ್ಟು, ಪೈಪ್ ಒಡೆದರೆ ಏನು ಗತಿ? ಅಪ್ಪ ಒಲೆ ಮೇಲೆ ಎರಡು ದೊಡ್ಡ ಪಾತ್ರೆ ನೀರು ಇಟ್ಟಿದ್ದಾರೆ, ಬೆರೆಸೋಣ ಅಂತ. ಸುರಿಯಬಹುದಾ?

ಹಳೇ ಮೋಟಾರ್

ಮೊದಲು ಟಬ್ಬಿನ ಕರೆಂಟ್ ಬ್ರೇಕರ್ ಆಫ್ ಮಾಡಿ. ಪಂಪ್ ಒಣಗಿ ತಿರುಗಿದರೆ ಹಾಳಾಗುತ್ತೆ.

ಹೀಟರ್‌ಗೆ ಏನೂ ಆಗಿರಲಿಕ್ಕಿಲ್ಲ ಸರ್. ಎಫ್‌ಎಲ್‌ಓ ಅಂದರೆ ಫ್ಲೋ, ನೀರು ಸರಿಯಾಗಿ ಓಡುತ್ತಿಲ್ಲ ಅಂತ. ಪಂಪಿನಲ್ಲಿ ಗಾಳಿ ಕೂತಿದೆ. ಊರಲ್ಲಿ ಬಾವಿ ಮೋಟಾರು ಗಾಳಿ ಹಿಡಿದು ನೀರೆತ್ತದೆ ಸುಮ್ನೆ ತಿರುಗುತ್ತಲ್ಲ, ಥೇಟ್ ಹಾಗೆ. ಪೈಪಿನಲ್ಲಿ ನೀರು ಓಡದಿದ್ದರೆ ಟಬ್ಬೇ ಹೀಟರನ್ನು ತಡೆಯುತ್ತದೆ, ಇಲ್ಲದಿದ್ದರೆ ಕಾಯಿಲ್ ಸುಟ್ಟುಹೋಗುತ್ತದೆ.

ಪಕ್ಕದ ಹಲಗೆ ಬಿಚ್ಚಿ ನೋಡಿ. ಪಂಪಿಗೆ ಪೈಪ್ ಸೇರುವಲ್ಲಿ ದಪ್ಪ ಪ್ಲಾಸ್ಟಿಕ್ ನಟ್ ಇರುತ್ತದೆ, ಯೂನಿಯನ್ ಅಂತಾರೆ. ಮೇಲಿನದನ್ನು ಕೈಯಲ್ಲೇ ಸ್ವಲ್ಪ ಸಡಿಲಿಸಿ. ಸುಸ್ಸ್ ಅಂತ ಗಾಳಿ ಬರುತ್ತೆ. ನೀರು ಜಿನುಗಿದ ತಕ್ಷಣ ಬಿಗಿ ಮಾಡಿ. ಪೂರ್ತಿ ಬಿಚ್ಚಬೇಡಿ, ಒಳಗಿನ ರಬ್ಬರ್ ರಿಂಗ್ ಜಾರಿದರೆ ಸೋರುತ್ತೆ. ಚೆಲ್ಲಿದ ನೀರು ಒರೆಸಿ, ಫಿಲ್ಟರ್ ತೆಗೆದಿಟ್ಟು, ಆಮೇಲೆ ಬ್ರೇಕರ್ ಹಾಕಿ. ನೀರು ಓಡಿದ ಮೇಲೆ ಫಿಲ್ಟರ್ ವಾಪಸ್ ಇಡಿ. ಪಂಪ್ ಓಡುತ್ತಿದ್ದರೆ ಚಳಿಗೆ ಪೈಪ್ ಹೆಪ್ಪುಗಟ್ಟಲ್ಲ.

ಪಾತ್ರೆ ನೀರು ಬೇಡ. ಆರು ಗ್ಯಾಲನ್ ಕುದಿಯೋ ನೀರು ಸುರಿದರೂ ಮೂರು ಡಿಗ್ರಿ ಏರಲ್ಲ. ಅದನ್ನು ಹೊತ್ತು ಹಿತ್ತಲಿಗೆ ನಡೆಯೋದು ಅಪ್ಪನಿಗೆ ಅಪಾಯ. ಟಬ್ಬಿನ ಮೈಗೂ ಒಳ್ಳೇದಲ್ಲ. 102ಕ್ಕೆ ಏರಿಸಲು ಸುಮಾರು 45 ಯೂನಿಟ್ ಕರೆಂಟ್ ಬೇಕು. ನಿಮ್ಮದು 240 ವೋಲ್ಟ್, 5.5 ಕಿಲೋವ್ಯಾಟ್ ಹೀಟರ್ ಆದರೆ ಎಂಟು ಹತ್ತು ಗಂಟೆ. ಮಾಮೂಲಿ ಗೋಡೆ ಪ್ಲಗ್ಗಿನ 1 ಕಿಲೋವ್ಯಾಟ್ ಆದರೆ ಎರಡು ದಿನ. ಮುಚ್ಚಳ ಮುಚ್ಚಿಡಿ, ಗಾಳಿ ಗುಳ್ಳೆ ಬಿಡುವ ಬಟನ್ ಆಫ್ ಇರಲಿ.

ಮುಂದಿನ ಸಲ ಹೋಸನ್ನು ಫಿಲ್ಟರ್ ಕೂರುವ ಗುಂಡಿಯೊಳಗೆ ಬಿಟ್ಟು ತುಂಬಿಸಿ. ನೀರು ಕೆಳಗಿಂದ ಪೈಪುಗಳಿಗೆ ಏರುತ್ತೆ, ಗಾಳಿ ಮುಂದೆ ಹೋಗುತ್ತೆ.

ಎಡಿಸನ್ ಅಕ್ಕ

ಎಣ್ಣೆ ವಿಷಯ ನಾನು ಹೇಳ್ತೀನಿ, ನಮ್ಮನೇಲೂ ಆಗಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಕೂದಲಲ್ಲಿ ಕೊಬ್ಬರಿ ಎಣ್ಣೆ ಉಳಿದಿರುತ್ತೆ. ಅದು ಫಿಲ್ಟರ್ ಮಡಿಕೆಗಳಲ್ಲಿ ಕೂರುತ್ತೆ. ನೀರು ಬದಲಿಸಿ ಫಿಲ್ಟರ್ ಬಿಟ್ಟರೆ ನೊರೆ ಮತ್ತೆ ಬರುತ್ತೆ, ಅದನ್ನು ಫಿಲ್ಟರ್ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿಡಿ. ಎಣ್ಣೆ ನೀರಿನ ದಿನ ಟಬ್ ಬೇಡ. ಕ್ಲೋರಿನ್ 3 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ನೀರಿಗೆ ಮೂರು ಭಾಗ) ಕಡಿಮೆ ಆಗದಿರಲಿ, ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.2ರಿಂದ 7.8. ಅಪ್ಪ ಬಿಪಿ ಮಾತ್ರೆ ತಗೊಳ್ತಿದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ. ಹೇಗೂ ನೀರಿನ ಬಿಸಿ 104 ಡಿಗ್ರಿ ದಾಟಿಸಬೇಡಿ.

ಸಾಗರದವ

ಆಯಿತು! ಅಪ್ಪ ಟಾರ್ಚ್ ಹಿಡಿದರು, ನಾನು ನಟ್ ತಿರುಗಿಸಿದೆ. ಅರ್ಧ ನಿಮಿಷ ಗಾಳಿ ಬಂತು, ಆಮೇಲೆ ಬೆರಳ ಸಂದಿಯಲ್ಲಿ ತಣ್ಣಗೆ ನೀರು. ಬ್ರೇಕರ್ ಹಾಕಿದರೆ ಜೆಟ್‌ಗಳು ಎರಡು ಸಲ ಕೆಮ್ಮಿ ಸರಿಯಾಗಿ ಓಡಿದವು. ಆಗ ರಾತ್ರಿ 9:40. ಪಾತ್ರೆಯ ನೀರನ್ನು ಬಕೆಟ್ಟಿಗೆ ಹಾಕಿ, ತಣ್ಣೀರು ಬೆರೆಸಿ, ಅಪ್ಪ ಕಾಲು ಇಳಿಬಿಟ್ಟು ಕೂತರು.

ಬೆಳಿಗ್ಗೆ ಆರಕ್ಕೆ 91 ಡಿಗ್ರಿ. ಫಿಲ್ಟರ್ ಇನ್ನೂ ನೆನೆಯುತ್ತಿದೆ ಅಕ್ಕ, ಮನೆಯಲ್ಲಿದ್ದ ಹೊಸದನ್ನು ಹಾಕಿದ್ದೇನೆ. ಮೋಟಾರ್ ಸರ್, ನಿಮ್ಮ ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕು ಅನಿಸುತ್ತಿದೆ. ಅಪ್ಪ ಈಗಲೇ ಟವೆಲ್ ತೆಗೆದಿಟ್ಟಿದ್ದಾರೆ.